ಉಪ್ಪುಮೀನಿನ ಶೆಡ್ಡಿನ ಜಲ್ಲಿ

ಯೋಗೀಶನ ಬಿಳಿ ಕಾರು ಕಾಟಿಪಳ್ಳದ ಯಾರ್ಡಿನ ಗೇಟಿನಲ್ಲಿ ಬಂದು ನಿಂತಾಗ ದಮಯಂತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಜಲ್ಲಿಯ ರಾಶಿಗೆ ಪೈಪಿನಲ್ಲಿ ನೀರು ಬಿಡುತ್ತಿದ್ದಳು. ಕಾರನ್ನು ಕಂಡಳು, ಅದರಿಂದ ಇಳಿದವನನ್ನೂ ಕಂಡಳು, ಪೈಪನ್ನು ಮಾತ್ರ ಕೆಳಗಿಡಲಿಲ್ಲ. ಈ ಮನುಷ್ಯ ಒಂದಲ್ಲ ಒಂದು ದಿನ ತನ್ನ ಬಾಗಿಲಿಗೆ ಬಂದೇ ಬರುತ್ತಾನೆಂದು ಅವಳು ವರ್ಷಗಟ್ಟಲೆ ಕಾದಿದ್ದಳು. ಬಂದಾಗ ಅವನನ್ನೇ ನೋಡುತ್ತಾ ನೀರೆಲ್ಲ ತನ್ನ ಕಾಲ ಮೇಲೆಯೇ ಬಿಟ್ಟುಕೊಂಡಳು.

"ಎಂತ ದಮಯಂತಿ ಅಕ್ಕ, ಗುರ್ತ ಸಿಗ್ಲಿಲ್ವಾ?"

"ಸಿಗದೆ ಎಂತ. ಬನ್ನಿ."

ಗುರ್ತವಂತೆ! ಮುಖವನ್ನೇನು, ಅವನ ಕಾರಿನ ಹಾರ್ನನ್ನೂ ಅವಳು ಗುರುತು ಹಿಡಿಯಬಲ್ಲಳು. ಯೋಗೀಶ ಈಗ ಊರಿನ ದೊಡ್ಡ ಬಿಲ್ಡರು. ಸಭೆಗಳಲ್ಲಿ ದೀಪ ಹಚ್ಚುತ್ತಾನೆ, ಶಾಲಾ ವಾರ್ಷಿಕೋತ್ಸವಗಳಲ್ಲಿ ಪ್ರಾಮಾಣಿಕತೆಯ ಬಗ್ಗೆ ಭಾಷಣ ಮಾಡುತ್ತಾನೆ. ಆ ಭಾಷಣಗಳ ಸುದ್ದಿ ಕಿವಿಗೆ ಬಿದ್ದಾಗಲೆಲ್ಲ ದಮಯಂತಿ ಉರಿದುಬೀಳುತ್ತಿದ್ದಳು.

ಅವನು ಬಂದದ್ದು ಜಲ್ಲಿಗಾಗಿ. ಅತ್ತಾವರದಲ್ಲಿ ಸ್ವಂತ ಮನೆ ಕಟ್ಟಿಸುತ್ತಿದ್ದಾನಂತೆ. "ಈಗ ಎಲ್ಲರೂ ಹಸಿರು ಮನೆ, ಹಸಿರು ಮನೆ ಅಂತ ಕೇಳ್ತಾರೆ ಅಕ್ಕ. ಫ್ಲ್ಯಾಟ್ ತಗೊಳ್ಳುವ ಡಾಕ್ಟರುಗಳಂತೂ ಅದನ್ನೇ ಕೇಳುವುದು. ಮೊದಲು ನನ್ನ ಮನೆಯ ಪಿಲ್ಲರಿಗೂ ಸ್ಲ್ಯಾಬಿಗೂ ಹಳೆ ಕಾಂಕ್ರೀಟಿನ ಜಲ್ಲಿ ಹಾಕಿ ತೋರಿಸ್ತೇನೆ. ಆಮೇಲೆ ಫ್ಲ್ಯಾಟ್ ಮಾರ್ಲಿಕ್ಕೆ ಸುಲಭ ಆಗ್ತದೆ. ನಿಮ್ಮಷ್ಟು ಚೊಕ್ಕ ಮಾಲು ಬೇರೆ ಎಲ್ಲಿಯೂ ಇಲ್ಲ ಅಂತ ಇಂಜಿನಿಯರೇ ಹೇಳಿದ್ರು."

ಅದು ಸುಳ್ಳಲ್ಲ. ಕೆಡವಿದ ಕಟ್ಟಡಗಳ ಕಾಂಕ್ರೀಟು ಲಾರಿಯಲ್ಲಿ ಅವಳ ಯಾರ್ಡಿಗೆ ಬರುತ್ತದೆ. ಕಬ್ಬಿಣ, ಮರ, ಹಂಚಿನ ಚೂರುಗಳನ್ನು ತೆಗೆಯಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಕೆಂಪುಕಲ್ಲನ್ನು ಆರಿಸಿ ಎಸೆಯಬೇಕು, ಏಕೆಂದರೆ ಈ ಊರಿನ ಹಳೆ ಗೋಡೆಗಳೆಲ್ಲ ಅದೇ. ಗೋಡೆಗೆ ಚೆಂದ, ಜಲ್ಲಿಗೆ ಬಂದರೆ ಹುಡಿಯಾಗುತ್ತದೆ. ಉಳಿದದ್ದನ್ನು ಕ್ರಶರಿಗೆ ಹಾಕಿ ಒಡೆದು, ಜರಡಿ ಹಿಡಿದು, ತೊಳೆಯಬೇಕು. ಹಳೆಯ ಕಾಂಕ್ರೀಟು ನೀರು ಕುಡಿಯುವ ಜಾತಿ. ಒಣಗಿದ್ದನ್ನು ಹಾಗೇ ಮಿಕ್ಸರಿಗೆ ಸುರಿದರೆ ಸಿಮೆಂಟಿಗೆ ಸೇರಬೇಕಾದ ನೀರನ್ನು ತಾನೇ ಹೀರಿಬಿಡುತ್ತದೆ. ಹಾಗಾಗಿ ಮೊದಲೇ ನೆನೆಸಿಟ್ಟು ಕಳಿಸಬೇಕು. ಕಬ್ಬಿಣ ಕಟ್ಟಿದ ಕಾಂಕ್ರೀಟಿಗಾದರೆ ಐದರಲ್ಲಿ ಒಂದು ಪಾಲಷ್ಟೇ ಇದು, ಉಳಿದದ್ದು ಕ್ವಾರಿಯ ಕರಿಜಲ್ಲಿ. ಇದನ್ನೆಲ್ಲ ಅವಳಿಗೆ ಕಲಿಸಿದವಳು ಇಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿರುವ ರೇಚಲ್.

ಹೊರಡುವಾಗ ಯೋಗೀಶ ದನಿ ತಗ್ಗಿಸಿದ. "ಹಳೆಯದೆಲ್ಲ ಮನಸ್ಸಿನಲ್ಲಿ ಇಟ್ಕೊಳ್ಬೇಡಿ ಅಕ್ಕ. ಜಯಣ್ಣ ಹೇಗಿದ್ದಾರೆ?"

ಅವಳ ಗಂಡ ಜಯ ರಾಶಿಯ ಆಚೆ ಇತ್ತ ಬೆನ್ನು ಹಾಕಿ ಕೂತು ಸಣ್ಣ ಸುತ್ತಿಗೆಯಲ್ಲಿ ಕಾಂಕ್ರೀಟಿಗೆ ಅಂಟಿದ ಕೆಂಪುಕಲ್ಲನ್ನು ಕುಟ್ಟಿ ಬಿಡಿಸುತ್ತಿದ್ದ. ಅವನು ಎಲ್ಲವನ್ನೂ ಕೇಳಿಸಿಕೊಂಡಿದ್ದ. ತಿರುಗಲಿಲ್ಲ.

"ಇದ್ದಾರೆ," ಎಂದಳು ದಮಯಂತಿ.

ಜಯ ಒಂದು ಕಾಲದಲ್ಲಿ ಕಾಂಕ್ರೀಟ್ ಮೇಸ್ತ್ರಿ. ಅವನು ಸ್ಲ್ಯಾಬ್ ಹಾಕಿದ ಮನೆಯವರು ಮಳೆಗಾಲದಲ್ಲಿ ಬಕೆಟ್ ಇಡಬೇಕಾಗಿರಲಿಲ್ಲ. ಅವನಿಗೊಂದು ಪದ್ಧತಿಯಿತ್ತು. ಹೊಯ್ಗೆಯ, ಎಂದರೆ ಮರಳಿನ, ಲೋಡು ಬಂದು ಬಿದ್ದೊಡನೆ ಒಂದು ಚಿಟಿಕೆ ನಾಲಗೆಗಿಟ್ಟು ನೋಡುವುದು. ನದಿಯ ಹೊಯ್ಗೆ ಸಪ್ಪೆ, ಸಮುದ್ರದ್ದು ಉಪ್ಪು. ಕಡಲ ಮಗ್ಗುಲಲ್ಲಿ ಹುಟ್ಟಿದವನ ನಾಲಗೆ ಅದರಲ್ಲಿ ತಪ್ಪುವುದುಂಟೇ? ಕಂಕನಾಡಿಯಲ್ಲಿ ಯೋಗೀಶನ ಮೊದಲ ಫ್ಲ್ಯಾಟ್ ಏಳುವಾಗ ನದಿಯ ಹೊಯ್ಗೆ ಸಿಗದೆ ಕೆಲಸ ನಿಂತಿತ್ತು. ಒಂದು ಬೆಳಿಗ್ಗೆ ಎಲ್ಲಿಂದಲೋ ಲೋಡು ಬಂತು. ಜಯ ನಾಲಗೆಗಿಟ್ಟು ಉಗುಳಿ, "ಉಪ್ಪು ಉಂಟು, ಇದು ಆಗ್ಲಿಕ್ಕಿಲ್ಲ," ಎಂದ. ಯೋಗೀಶ, "ನೀನು ಮೇಸ್ತ್ರಿಯಾ, ಅಡುಗೆ ಭಟ್ಟನಾ? ಕಲಸು ಮಾರಾಯ," ಎಂದ. ಜಯ ಕಲಸಿದ.

ಕೆಲವು ಮಳೆಗಾಲ ಕಳೆದ ಮೇಲೆ ಆ ಫ್ಲ್ಯಾಟಿನ ಬಾಲ್ಕನಿಯೊಂದು ಕಳಚಿ ಬಿತ್ತು. ಕೆಳಗೆ ಕೂತಿದ್ದ ಮುದಿ ವಾಚ್‌ಮ್ಯಾನ್ ಕಾಲು ಕಳೆದುಕೊಂಡ. ಯೋಗೀಶ ಕೂಡಲೇ ಒಂದು ಲ್ಯಾಬಿನಿಂದ ರಿಪೋರ್ಟು ಬರೆಸಿ ತಂದ: ಉಪ್ಪಿನ ಸುದ್ದಿಯೇ ಇಲ್ಲ, ಸಿಮೆಂಟು ಕಡಿಮೆಯಂತೆ. ಸಿಮೆಂಟು ಎಲ್ಲಿಗೆ ಹೋಯಿತು? ಮೇಸ್ತ್ರಿ ಮಾರಿಕೊಂಡ. ಊರಿಗೆ ಇಷ್ಟು ಸಾಕಾಯಿತು. ಜಯ ಮೇಸ್ತ್ರಿ ಹೋಗಿ 'ಸಿಮೆಂಟ್ ಜಯ' ಆದ. ಬಸ್ಸಿನಲ್ಲಿ ಹಿಂದಿನ ಸೀಟಿನಿಂದ ಯಾರೋ "ಓ ಸಿಮೆಂಟ್" ಎಂದು ಕೂಗುತ್ತಿದ್ದರು. ಮಗಳು ದೀಕ್ಷಿತಾಳಿಗೆ ಬಂದ ಒಂದು ಒಳ್ಳೆಯ ಸಂಬಂಧ ಆ ಹೆಸರಿನಿಂದಲೇ ಮುರಿದುಹೋಯಿತು. ಮುಂದೆ ಅವಳಿಗೆ ಮುಂಬಯಿ ಕಡೆಯಲ್ಲಿ ಮದುವೆಯಾಯಿತು ಅನ್ನಿ, ಅಷ್ಟು ದೂರಕ್ಕೆ ಆ ಹೆಸರು ಮುಟ್ಟಿರಲಿಲ್ಲ. ಜಯ ಯಾರೊಡನೆಯೂ ವಾದಿಸಲಿಲ್ಲ. ಕೆಲಸ ಬಿಟ್ಟ, ಮಾತು ಬಿಟ್ಟ. ಉಪ್ಪೆಂದು ಗೊತ್ತಿದ್ದೂ ತಾನು ಕಲಸಿದೆನಲ್ಲ ಎಂಬುದೊಂದು ಅವನನ್ನು ಒಳಗೊಳಗೆ ತಿನ್ನುತ್ತಿತ್ತು. ದಮಯಂತಿಗೆ ಅಂಥ ಸಂಕಟವೇನಿರಲಿಲ್ಲ. ಅವಳಿಗಿದ್ದದ್ದು ಸಿಟ್ಟು. ಕಂಕನಾಡಿ ಮಾರ್ಕೆಟಿನಲ್ಲಿ ಮೀನು ಮಾರಿದಳು, ಕೆಡವಿದ ಮನೆಗಳ ಕಬ್ಬಿಣ ಮಾರಿದಳು, ಹಳೆಯ ಕ್ರಶರೊಂದನ್ನು ತಂದು ಯಾರ್ಡು ಹಾಕಿದಳು. ಊರು ಅವಳನ್ನು ಗಟ್ಟಿಗಿತ್ತಿ ಎಂದಿತು. ಅವಳಿಗೆ ಬೇಕಾದದ್ದು ಅದಲ್ಲ. ಯೋಗೀಶ ನಾಲ್ಕು ಜನರ ಮುಂದೆ ತನ್ನ ಬಾಯಿಂದಲೇ ಜಯ ಕಳ್ಳನಲ್ಲ ಎನ್ನಬೇಕು. ಅನ್ನದಿದ್ದರೆ ಅವನು ಹಾಳಾಗಬೇಕು. ಎರಡರಲ್ಲಿ ಯಾವುದಾದರೂ ಅವಳಿಗೆ ಸರಿ.

ಯಾರ್ಡಿನ ಹಿಂದಿನ ಮೂಲೆಯಲ್ಲಿ ಬೇರೆಯದೇ ಒಂದು ರಾಶಿಯಿತ್ತು. ಅವಳ ಅಣ್ಣ ತುಕ್ರನ ಉಪ್ಪುಮೀನಿನ ಶೆಡ್ಡನ್ನು ಕೆಡವಿದಾಗ ಬಂದ ಕಾಂಕ್ರೀಟು. ಅಪ್ಪನ ಕಾಲದಿಂದ ಆ ನೆಲದ ಮೇಲೆ ಬಂಗುಡೆ, ತಾಟೆ ಮೀನುಗಳಿಗೆ ಉಪ್ಪು ಬಳಿದು ಪೇರಿಸಿದ್ದರು. ಉಪ್ಪುನೀರು ಇಳಿದಿಳಿದು ನೆಲ, ತೊಟ್ಟಿ, ಕಂಬ ಎಲ್ಲ ನೆನೆದಿತ್ತು. ಒಡೆದು ಜಲ್ಲಿ ಮಾಡಿದ ಮೇಲೆಯೇ ರೇಚಲ್ ಅದನ್ನು ನೋಡಿದ್ದು.

"ಅಕ್ಕ, ಇದನ್ನು ಮನೆ ಕೆಲಸಕ್ಕೆ ಮಾತ್ರ ಕೊಡ್ಬೇಡಿ," ಎಂದಿದ್ದಳು. "ಉಪ್ಪು ಒಳಗಿನ ಕಬ್ಬಿಣವನ್ನು ತಿಂತದೆ. ತುಕ್ಕು ಹಿಡಿದ ಕಬ್ಬಿಣ ಉಬ್ತದೆ, ಕಾಂಕ್ರೀಟನ್ನು ಒಳಗಿಂದಲೇ ಒಡೀತದೆ. ಮೇಲಿನಿಂದ ನೋಡಿದ್ರೆ ಸುಮಾರು ವರ್ಷ ಎಂತದೂ ಗೊತ್ತಾಗುದಿಲ್ಲ. ತೊಳೆದ್ರೂ ಪೂರ್ತಿ ಹೋಗುದಿಲ್ಲ. ರಸ್ತೆಯ ಅಡಿಗೆ ಹಾಕ್ಲಿಕ್ಕೆ ಆಗ್ತದೆ, ಅಷ್ಟೇ."

ಹಾಗೆ ಅರ್ಧ ರಾಶಿ ಒಂದು ರಸ್ತೆಯ ಅಡಿ ಸೇರಿತ್ತು. ಇನ್ನರ್ಧ ಅಲ್ಲೇ ಇತ್ತು. ಯೋಗೀಶನ ಕಾರು ಗೇಟು ದಾಟಿದ ಮೇಲೆ ದಮಯಂತಿ ಹೋಗಿ ನಿಂತದ್ದು ಅದರ ಮುಂದೆ. ಅಬ್ಬ, ಎಂಥ ಸುಖ ಅವಳಿಗೆ! ಉಪ್ಪು ಕಲಸಿದವನ ಮನೆಗೆ ಉಪ್ಪು. ಅವನು ಆ ಕಂಬಗಳ ನಡುವೆ ಉಣ್ಣಲಿ, ಮಲಗಲಿ, ಹಸಿರು ಮನೆಯೆಂದು ಊರವರಿಗೆ ತೋರಿಸಲಿ. ಒಳಗೆ ಕಬ್ಬಿಣ ಉಬ್ಬುತ್ತಾ ಇರಲಿ. ಅಂದು ಅವಳು ಮೀನುಸಾರು ಮಾಡುವಾಗ ತನ್ನಷ್ಟಕ್ಕೆ ನಗುತ್ತಿದ್ದಳು. ಜಯ ತಲೆಯೆತ್ತಿ ಅವಳ ಮುಖ ನೋಡಿದ, ಉಂಡೆದ್ದ.

ಪಿಲ್ಲರಿನ ಕೆಲಸ ಶುರುವಾದ ದಿನ ಡ್ರೈವರ್ ಶಿಹಾಬನಿಂದ ಆ ಮೂಲೆಯ ರಾಶಿಯನ್ನೇ ಲಾರಿಗೆ ತುಂಬಿಸಿದಳು. ಶಿಹಾಬನಿಗೆ ಜಲ್ಲಿಯೆಲ್ಲ ಒಂದೇ. ಅವಳೂ ಹತ್ತಿ ಕೂತಳು. ಆ ಜಲ್ಲಿ ಅವನ ಪಿಲ್ಲರಿಗೆ ಇಳಿಯುವುದನ್ನು ಕಣ್ಣಾರೆ ನೋಡದೆ ಅವಳಿಗೆ ತೃಪ್ತಿಯಿಲ್ಲ.

ಅತ್ತಾವರದ ಸೈಟಿನಲ್ಲಿ ಮೇಸ್ತ್ರಿಯಾಗಿ ನಿಂತಿದ್ದವನು ಜಿತೇಶ್, ಹಿಂದೆ ಜಯನ ಕೈಕೆಳಗೆ ಕೆಲಸ ಕಲಿತವನು. ಲಾರಿಯ ಬಳಿ ಓಡಿ ಬಂದ.

"ದಮಯಂತಿ ಅಕ್ಕ! ನಿಮ್ಮ ಮಾಲಾ? ಹಾಗಾದ್ರೆ ನನಗೆ ಹೆದ್ರಿಕೆ ಇಲ್ಲ."

"ಹೆದ್ರಿಕೆ ಎಂತಕ್ಕೆ?"

"ಹಳೆ ಜಲ್ಲಿಯ ಕೆಲಸ ಇದೇ ಮೊದಲು ನೋಡಿ. ಧಣಿ ನಿನ್ನೆ ಎಲ್ಲರ ಎದುರು ಹೇಳಿದ್ರು, ನಾಳೆ ಎಲ್ಲಿಯಾದ್ರೂ ಕ್ರ್ಯಾಕ್ ಬಂದ್ರೆ ಜಿತೇಶನ ಕೊರಳು ಅಂತ. ನಗಾಡಿಕೊಂಡು ಹೇಳಿದ್ದು. ಆದ್ರೂ ಜಯ ಮೇಸ್ತ್ರಿಯ ಕತೆ ಗೊತ್ತುಂಟಲ್ಲ ನನಗೆ."

ದಮಯಂತಿ ಲಾರಿಯಿಂದ ಇಳಿಯಲೇ ಇಲ್ಲ. ನಾಳೆ ಕಂಬ ಬಿರುಕು ಬಿಟ್ಟರೆ ಯೋಗೀಶನ ಬೆರಳು ಯಾರ ಕಡೆ ತಿರುಗುತ್ತದೆ? ಎದುರಿಗೆ ನಿಂತು ಹಲ್ಲು ಬಿಡುತ್ತಿರುವ ಈ ಪಾಪದವನ ಕಡೆ. ಇನ್ನೊಂದು ರಿಪೋರ್ಟು ಬರುತ್ತದೆ, ಇನ್ನೊಬ್ಬ 'ಸಿಮೆಂಟ್' ಹುಟ್ಟುತ್ತಾನೆ, ಯೋಗೀಶ ಮತ್ತೆ ದೀಪ ಹಚ್ಚುತ್ತಾನೆ. ಥೂ, ಎಂದುಕೊಂಡಳು. "ಶಿಹಾಬ್, ತಿರುಗಿಸು ಮಾರಾಯ. ರಾಶಿ ತಪ್ಪಿದೆ. ಬೇರೆ ತರುವ."

ಅವಳಿಗೆ ಯೋಗೀಶನ ಮೇಲೆ ಕರುಣೆ ಹುಟ್ಟಿತೆಂದು ಯಾರೂ ತಿಳಿಯಬಾರದು. ವಾಪಸು ಬರುವ ದಾರಿಯುದ್ದಕ್ಕೂ ಅವಳು ಹಲ್ಲು ಕಚ್ಚಿಕೊಂಡೇ ಇದ್ದಳು. ಸುರತ್ಕಲ್ ದಾಟುವಾಗ ತಲೆಗೆ ಹೊಳೆಯಿತು: ಉಪ್ಪು ಹಾಕಬೇಕೆಂದೇ ಇಲ್ಲ, ಹಾಕಿದ್ದೇನೆ ಎಂದರೆ ಸಾಕು. ಕಂಬಕ್ಕೆ ಏನೂ ಆಗುವುದಿಲ್ಲ, ಜಿತೇಶನಿಗೂ ಆಗುವುದಿಲ್ಲ. ಆಗುವುದೆಲ್ಲ ಯೋಗೀಶನೊಬ್ಬನಿಗೆ. ಜಯ ಊಟಕ್ಕೆ ಹೋಗಿದ್ದ ಹೊತ್ತಿನಲ್ಲಿ ಯಾರ್ಡಿಗೆ ಬಂದವಳು ಆ ಲೋಡನ್ನು ಮತ್ತೆ ಹಿಂದಿನ ಮೂಲೆಯಲ್ಲೇ ಸುರಿಸಿದಳು.

ಅಂದಿನಿಂದ ಅತ್ತಾವರಕ್ಕೆ ಹೋದ ಒಂದೊಂದು ಲೋಡನ್ನೂ ಅವಳೇ ನಿಂತು ನೆನೆಸಿದಳು. ಪ್ರತಿಯೊಂದರಿಂದಲೂ ಒಂದಿಷ್ಟು ತೆಗೆದು ರೇಚಲ್‌ಗೆ ಕಳಿಸಿದಳು. "ನಿಮ್ಮ ಮಗಳ ಮನೆಗೂ ಇಷ್ಟು ಮಾಡ್ಲಿಕ್ಕಿಲ್ಲ ನೀವು," ಎಂದು ರೇಚಲ್ ತಮಾಷೆ ಮಾಡಿದಳು.

ಮನೆ ಒಕ್ಕಲಿಗೆ, ಎಂದರೆ ಗೃಹಪ್ರವೇಶಕ್ಕೆ, ಅತ್ತಾವರದ ಅರ್ಧ ಜನ ಬಂದಿದ್ದರು. ಜಯ ಬರಲಿಲ್ಲ. ದಮಯಂತಿ ರೇಷ್ಮೆ ಸೀರೆ ಉಟ್ಟು ಹೋದಳು. ಚಾವಡಿಯ ನಡುವಿನ ಒಂದು ಕಂಬಕ್ಕೆ ಗಾರೆ ಬಳಿಯದೆ ಬಿಟ್ಟಿದ್ದರು, ನೋಡಲು ಬಂದವರಿಗಾಗಿ. ಯೋಗೀಶ ಅದನ್ನು ತಟ್ಟಿ ತಟ್ಟಿ, "ಇದರೊಳಗೆ ಹಳೆ ಮಂಗಳೂರೇ ಉಂಟು," ಎಂದು ಬಂದವರಿಗೆಲ್ಲ ಹೇಳುತ್ತಿದ್ದ. ಹೆರಿಗೆಗೆಂದು ತವರಿಗೆ ಬಂದಿದ್ದ ಅವನ ಮಗಳು ಪ್ರಾಪ್ತಿ ಕೂಸನ್ನೆತ್ತಿಕೊಂಡು ಅದೇ ಕಂಬಕ್ಕೆ ಒರಗಿ ಕೂತಿದ್ದಳು. ದಮಯಂತಿ ಪಾಯಸದವರೆಗೂ ಸಾವಕಾಶ ಉಂಡಳು. ಕೈತೊಳೆಯುವಲ್ಲಿ ಯೋಗೀಶ ಒಬ್ಬನೇ ಸಿಕ್ಕಿದ.

"ಊಟ ಆಯ್ತಾ ಅಕ್ಕ?"

"ಆಯ್ತು. ನೀವು ಹೇಳಿದ್ದು ಸರಿ, ಹಳೆ ಮಂಗಳೂರೇ ಉಂಟು. ನಮ್ಮ ತುಕ್ರಣ್ಣನ ಉಪ್ಪುಮೀನಿನ ಶೆಡ್ಡೂ ಉಂಟು."

ಯೋಗೀಶ ನಕ್ಕ. ಅವಳು ನಗಲಿಲ್ಲ.

"ಯಾವ ಕಂಬಕ್ಕೆ ಹೋಯ್ತು, ಯಾವ ಬೀಮಿಗೆ ಹೋಯ್ತು ಅಂತ ನನಗೂ ನೆನಪಿಲ್ಲ. ಉಪ್ಪಿನಿಂದ ಎಂತ ಆಗ್ತದೆ ಅಂತ ನಿಮಗೆ ಹೇಳ್ಬೇಕಾ? ಕಂಕನಾಡಿಯಲ್ಲಿ ನೋಡಿದ್ದೀರಲ್ಲ."

"ತಮಾಷೆ ಮಾಡ್ಬೇಡಿ ಅಕ್ಕ."

"ನಾನು ನಿಮ್ಮ ಹತ್ತಿರ ಯಾವಾಗ ತಮಾಷೆ ಮಾಡಿದ್ದು?"

ಟವೆಲಿಗೆ ಕೈ ಒರೆಸಿ, ವೀಳ್ಯ ತೆಗೆದುಕೊಂಡು, ಪ್ರಾಪ್ತಿಯ ಕೂಸಿನ ಕೆನ್ನೆ ಮುಟ್ಟಿ ಅವಳು ಬಸ್ಸು ಹಿಡಿದಳು. ಮನೆಗೆ ಬರುವಷ್ಟರಲ್ಲಿ ಒಂದು ಹಾಡೂ ಬಾಯಿಗೆ ಬಂದಿತ್ತು.

ಬೇರೆ ಯಾರಾದರೂ ಆಗಿದ್ದರೆ ವಾರದೊಳಗೆ ಇದು ಮುಗಿಯುತ್ತಿತ್ತು. ಯೋಗೀಶ ಕಂಬಗಳಿಗೆ ಡ್ರಿಲ್ ಹಾಕಿಸಿ ಹುಡಿ ತೆಗೆಸಿ ಲ್ಯಾಬಿಗೆ ಕಳಿಸಿದ. ಉಪ್ಪಿಲ್ಲವೆಂದು ರಿಪೋರ್ಟು ಬಂತು. ಓದಿ ಸಮಾಧಾನವಾಗಬೇಕಿತ್ತು. ಆದರೆ ಬೇಕಾದ ರಿಪೋರ್ಟು ಬರೆಸುವುದು ಎಷ್ಟು ಸುಲಭವೆಂದು ಅವನಷ್ಟು ಚೆನ್ನಾಗಿ ಬಲ್ಲವರು ಊರಿನಲ್ಲಿ ಇನ್ನಾರಿದ್ದರು? ಈ ಹೆಂಗಸು ಅಲ್ಲಿಗೂ ಹೋಗಿ ಬಂದಿದ್ದಾಳೆ ಎಂದುಕೊಂಡ. ಇನ್ನೊಂದು ಲ್ಯಾಬಿಗೆ ಕಳಿಸಿದ, ಆಮೇಲೆ ಬೇರೆ ಊರಿಗೆ ಕಳಿಸಿದ. ಎಲ್ಲ ಕಡೆಯಿಂದಲೂ ಅದೇ ಉತ್ತರ ಬಂತು, ಎಲ್ಲದರ ಮೇಲೂ ಅದೇ ಅನುಮಾನ. ಮಳೆ ಹಿಡಿದ ಮೇಲೆ ತಾರಸಿಯ ಕೆಂಪುಕಲ್ಲಿನ ಕಟ್ಟೆಯಿಂದ ಇಳಿದ ನೀರು ಬೀಮಿನ ಮೇಲೆ ಕೆಂಪು ಗೆರೆ ಎಳೆಯಿತು. ಅದನ್ನು ತುಕ್ಕೆಂದು ತಿಳಿದು ಹೊಸ ಗಾರೆಯನ್ನು ಕೆತ್ತಿಸಿದ. ಒಳಗೆ ಏನೂ ಇರಲಿಲ್ಲ. ಪಕ್ಕದ ಬೀಮನ್ನೂ ಕೆತ್ತಿಸಿದ.

ಸುದ್ದಿಯನ್ನು ಶಿಹಾಬ ತರುತ್ತಿದ್ದ. ದಮಯಂತಿ ಚಾ ಕೊಟ್ಟು ಕೂರಿಸಿ, ಬಿಡಿಸಿ ಬಿಡಿಸಿ ಕೇಳುತ್ತಿದ್ದಳು. "ಕಣ್ಣು ಒಳಗೆ ಹೋಗಿದೆಯಾ? ಶೇವ್ ಮಾಡುವುದಿಲ್ವಾ? ಪಾಪ!" ಆ 'ಪಾಪ' ಅವಳಿಗೆ ಬೆಲ್ಲದಷ್ಟು ಸಿಹಿಯಾಗಿತ್ತು. ರೇಚಲ್ ಒಮ್ಮೆ ಫೋನ್ ಮಾಡಿ, "ಅಕ್ಕ, ನೀವು ಅವರಿಗೆ ಎಂತ ಹೇಳಿದ್ದು? ನಮ್ಮ ಲ್ಯಾಬಿಗೆ ಬಂದು ನನ್ನನ್ನೇ ಕಳ್ಳಿ ಅಂದ್ರು," ಎಂದಳು. ದಮಯಂತಿ ಏನೋ ಹೇಳಿ ಫೋನ್ ಇಟ್ಟಳು. ಜಯ ಪಕ್ಕದಲ್ಲಿಯೇ ಇದ್ದ.

ಕೊನೆಗೆ ಒಂದು ಮಧ್ಯಾಹ್ನ ಆ ಬಿಳಿ ಕಾರು ಮತ್ತೆ ಬಂತು. ಯಾರ್ಡಿನಲ್ಲಿ ಟಿಪ್ಪರುಗಳು ಸಾಲಾಗಿ ನಿಂತಿದ್ದವು. ಡ್ರೈವರುಗಳಿದ್ದರು, ಬೇರೆ ಸೈಟುಗಳ ಮೇಸ್ತ್ರಿಗಳಿದ್ದರು, ಜಿತೇಶನೂ ಇದ್ದ. ಯೋಗೀಶ ಚಪ್ಪಲಿ ಕೆಸರಲ್ಲಿ ಹೂತರೂ ನೋಡದೆ ನೇರ ಬಂದ.

"ಯಾವ ಕಂಬ ಅಂತ ಒಂದು ಹೇಳಿ ಅಕ್ಕ. ಅಷ್ಟನ್ನು ತೆಗೆಸ್ತೇನೆ. ನನಗೆ ನಿದ್ರೆ ಇಲ್ಲ. ಮಗಳು, ಕೂಸು ಎಲ್ಲ ಅಲ್ಲೇ ಇದ್ದಾರೆ."

"ಮೊದಲು ನೀವು ಹೇಳಿ. ಕಂಕನಾಡಿಯ ಬಾಲ್ಕನಿ ಬಿದ್ದದ್ದು ಎಂತದ್ರಿಂದ?"

ಅವನು ಸುತ್ತ ನೋಡಿದ. ಕ್ರಶರನ್ನು ಯಾರೋ ಬಂದ್ ಮಾಡಿದ್ದರು.

"ಗಟ್ಟಿಯಾಗಿ ಹೇಳಿ. ಇವರಿಗೆಲ್ಲ ಕೇಳ್ಬೇಕು."

"ಹೊಯ್ಗೆ," ಎಂದ ಯೋಗೀಶ. "ಸಮುದ್ರದ ಹೊಯ್ಗೆ. ತರಿಸಿದ್ದು ನಾನು. ಜಯಣ್ಣ ಬೇಡ ಅಂತ ಹೇಳಿದ್ರು. ಸಿಮೆಂಟ್ ಕದ್ದದ್ದು ಸುಳ್ಳು. ರಿಪೋರ್ಟ್ ಬರೆಸಿದ್ದು ನಾನೇ." ಹೇಳಿ ಮುಗಿಸಿ ಮುಖ ಮುಚ್ಚಿಕೊಂಡ.

ರಾಶಿಯ ಆಚೆ ಜಯನ ಸುತ್ತಿಗೆ ನಿಂತಿತು. ಜಿತೇಶ್ ಹೋಗಿ ಅವನ ಕಾಲು ಮುಟ್ಟಿದ. ಯಾರೋ "ಜಯ ಮೇಸ್ತ್ರಿ" ಎಂದರು. ಆ ಹೆಸರನ್ನು ಇನ್ನೊಬ್ಬರ ಬಾಯಲ್ಲಿ ಕೇಳಿ ದಮಯಂತಿಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಗೆದ್ದೆ, ಎಂದುಕೊಂಡಳು. ಇಷ್ಟು ವರ್ಷದ ಉರಿ ತಣ್ಣಗಾದಂತಾಯಿತು.

"ಇನ್ನು ಕೇಳಿ," ಎಂದಳು ಯೋಗೀಶನಿಗೆ. "ನಿಮ್ಮ ಮನೆಗೆ ಉಪ್ಪಿನ ಜಲ್ಲಿ ಒಂದು ಬುಟ್ಟಿಯೂ ಬರ್ಲಿಲ್ಲ. ಒಕ್ಕಲಿನ ದಿನ ನಾನು ಹೇಳಿದ್ದು ಸುಳ್ಳು. ರಾಶಿ ಅಲ್ಲಿಯೇ ಉಂಟು, ನೋಡಿ."

ಯೋಗೀಶ ಹೋಗಿ ನೋಡಿದ. "ಅರ್ಧ ಉಂಟು. ಇನ್ನರ್ಧ ಎಲ್ಲಿ?"

"ರಸ್ತೆಗೆ ಹೋಯ್ತು."

"ನನ್ನ ಬಾಯಿಂದ ಹೇಳಿಸಿ ಆಯ್ತು, ಈಗ ಹೀಗೆ ಹೇಳ್ತೀರಿ," ಎಂದ ಅವನು. ಅವಳ ಮುಖವನ್ನೇ ಬಹಳ ಹೊತ್ತು ನೋಡಿ ತಲೆಯಾಡಿಸಿದ. "ಇಲ್ಲ. ಹಾಕಿದ್ದೀರಿ ನೀವು. ಎಲ್ಲವನ್ನೂ ಕೆಡವಿಸ್ತೇನೆ."

ಕಾರು ಹೋಯಿತು. ಕೆಡವಲಿ! ದಮಯಂತಿ ಸೆರಗಿನಿಂದ ಮುಖ ಒರೆಸಿಕೊಂಡು ನಗುತ್ತಲೇ ಜಯನ ಬಳಿ ಹೋದಳು. ಅವನು ಎದ್ದು ನಿಂತಿದ್ದ.

"ಕೇಳಿತಲ್ಲ ನಿಮಗೆ? ಎಲ್ಲರ ಎದುರು ಹೇಳಿಸಿದೆ."

"ಕೇಳಿತು." ಅವನು ಸುತ್ತಿಗೆಯನ್ನು ರಾಶಿಯ ಮೇಲಿಟ್ಟ. "ಹಾಕಿದ್ದೀಯಾ?"

"ಎಂತದು?"

"ಉಪ್ಪಿನ ಜಲ್ಲಿ. ಆ ಮನೆಗೆ ಹಾಕಿದ್ದೀಯಾ?"

"ಇಲ್ಲ ಅಂತ ಈಗ ಹೇಳಿದೆನಲ್ಲ!"

"ಹಾಕಿದ್ದೇನೆ ಅಂತ ಹೇಳಿದ್ದೂ ನೀನೇ ಅಲ್ವಾ. ಆ ರಾಶಿಯಿಂದ ಲಾರಿ ತುಂಬಿಸಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಅವನು ಜಲ್ಲಿ ಕೇಳ್ಲಿಕ್ಕೆ ಬಂದ ದಿನ ಸಾರು ಮಾಡುವಾಗ ನಿನ್ನ ಮುಖವನ್ನೂ ನೋಡಿದ್ದೇನೆ."

"ಅದು ವಾಪಸು ಬಂತು! ಜಿತೇಶನನ್ನು ಕೇಳಿ, ಶಿಹಾಬನನ್ನು ಕೇಳಿ. ರೇಚಲಳ ರಿಪೋರ್ಟ್ ಉಂಟು. ಮಗಳ ಆಣೆ, ಹಾಕಿಲ್ಲ."

ಜಯ ಅವಳ ಮುಖವನ್ನು ನೋಡಿದ. ಈಗಷ್ಟೇ ಯೋಗೀಶ ನೋಡಿದ ಹಾಗೆಯೇ ನೋಡಿದ. ದಮಯಂತಿ ಅವನ ತೋಳು ಹಿಡಿದಳು. ಊರೇ ಸಿಮೆಂಟ್ ಕಳ್ಳ ಎಂದಾಗ, ಅವನು ಹೇಳಿದ ಒಂದೇ ಮಾತಿಗೆ ಅವನನ್ನು ನಂಬಿದವಳು ಅವಳು.

"ಒಮ್ಮೆ ಉಪ್ಪು ಅಂತ ಗೊತ್ತಿದ್ದೂ ನಾನು ಕಲಸಿ ಸುಮ್ಮನೆ ಕೂತೆ," ಎಂದ ಜಯ. "ಆ ಮನೆಯಲ್ಲಿ ಒಂದು ಕೂಸು ಉಂಟು ಮಾರಾಯ್ತಿ."

ಅವನು ನಲ್ಲಿಯಲ್ಲಿ ಕೈಕಾಲು ತೊಳೆದ. ಮೊಳೆಗೆ ತೂಗುಹಾಕಿದ್ದ ಅಂಗಿಯನ್ನು ಕೊಡವಿ ಹಾಕಿಕೊಂಡ. ಟಿಪ್ಪರಿನವರು ದಾರಿ ಬಿಟ್ಟು, "ಮೇಸ್ತ್ರಿ, ಎಲ್ಲಿಗೆ?" ಎಂದರು. "ಅತ್ತಾವರಕ್ಕೆ. ಕಂಬ ನೋಡ್ಲಿಕ್ಕೆ," ಎಂದ. ದಮಯಂತಿ ಗೇಟಿನವರೆಗೂ ಹಿಂದೆಯೇ ಓಡಿದಳು, "ನಾನು ಹಾಕಿಲ್ಲ, ದೇವರಾಣೆ ಹಾಕಿಲ್ಲ," ಎಂದು ಕೂಗಿದಳು. ಅವನಿಗೆ ಕೇಳಿಸಿತ್ತು. ಆದರೂ ಅವನು ಬಸ್ಸಿಗೆ ಕೈ ತೋರಿಸಿದ, ಬಸ್ಸು ನಿಂತಿತು, ಅವನು ಹತ್ತಿದ.